ವಿಭೂತಿ ಹಚ್ಚಿಕೊಂಡ ಚೀಸು

ಉಪ್ಪಿನಕಾಯಿ ಭರಣಿಯ ಕಂಠ ಒರೆಸುತ್ತಿದ್ದೆ. ಮಾವಿನಕಾಯಿ ಹಾಕಿಟ್ಟ ಭರಣಿಗೆ ಆಗಾಗ ಈ ಸೇವೆ ಮಾಡಲೇಬೇಕು. ಒಣ ಅರಿವೆ ತಗೊಂಡು ಕಂಠ, ಮುಚ್ಚಳದ ಒಳಮೈ, ಭರಣಿಯ ಹೆಗಲು ಎಲ್ಲ ಒರೆಸಿ, ಮೇಲೆ ಎಣ್ಣೆ ನಿಂತಿದೆಯೋ ಇಲ್ಲವೋ ನೋಡಿ, ಮತ್ತೆ ಬಟ್ಟೆ ಕಟ್ಟಿಡಬೇಕು. ಒಂದು ಹನಿ ನೀರು ತಾಕಿತೋ, ಮುಗಿಯಿತು. ಮದುವೆಯಾಗಿ ಬ್ಯಾಡಗಿಯ ಈ ಮನೆಗೆ ಬಂದಾಗಿನಿಂದ ನನ್ನ ಭರಣಿಗೆ ಬೂಷ್ಟು ಬಂದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಶಿವನ ಕೃಪೆ ಎಂದು ಹೇಳುತ್ತಿದ್ದೇನೆ. ಜಂಬ ಸ್ವಲ್ಪ ಇದ್ದರೂ ಇರಬಹುದು.

ಆಗ ಪಡಸಾಲೆಯ ನೆಲದ ಕೆಳಗಿನಿಂದ ಸೊಸೆಯ ಕೂಗು ಬಂತು.

"ಅತ್ತೀ! ಬೂಷ್ಟು ಬಂತ್ರೀ! ಲಗೂ ಬರ್ರಿ, ಬೂಷ್ಟು ಬಂತು!"

ಮಜ್ಜಿಗೆ ಕೇಳಲು ತಂಬಿಗೆ ಹಿಡಿದು ಬಂದಿದ್ದ ಎದುರು ಮನೆಯಾಕೆ ಹೊಸ್ತಿಲಲ್ಲೇ ಗಲ್ಲಕ್ಕೆ ಕೈ ಹಚ್ಚಿ ನಿಂತಳು.

"ಅಯ್ಯ ಶಿವನ! ಯಾತಕ್ಕ ಬಂತು ಅಕ್ಕಾ? ಉಪ್ಪಿನಕಾಯಿಗೇನು?"

"ಬಿಡ್ತು ಅನ್ನು. ಚೀಸಿಗೆ."

"ಹಂಗಾದ್ರ ಆ ಹುಡುಗಿ ಅಳಾಕತ್ತೈತೇನು ಪಾಪ?"

"ಅಳೂದಲ್ಲ, ಕುಣಿಯಾಕತ್ತೈತಿ."

ಎದುರು ಮನೆಯಾಕೆ ತಂಬಿಗೆಯನ್ನು ಅಲ್ಲೇ ಇಟ್ಟು, ಸೆರಗು ಸರಿ ಮಾಡಿಕೊಂಡು ಕುಳಿತೇ ಬಿಟ್ಟಳು. ಬೂಷ್ಟು ಬಂದರೆ ಕುಣಿಯುವ ಮನೆಯಿಂದ ಬರೀ ಮಜ್ಜಿಗೆ ಒಯ್ದು ಹೋಗುವಷ್ಟು ದಡ್ಡಿ ಅವಳಲ್ಲ.

ನನ್ನ ಸೊಸೆ ರಾಣೆಬೆನ್ನೂರಿನ ಹುಡುಗಿ. ಹಾಲು ಹೈನದ ಓದು ಓದಿ, ಊಟಿ ಕಡೆ ಚೀಸ್ ಮಾಡುವವರ ಹತ್ತಿರ ಕೆಲಸ ಕಲಿತು ಬಂದವಳು. ಚೀಸ್ ಎಂದರೆ ನನಗೆ ಗೊತ್ತಿದ್ದದ್ದು ಅಂಗಡಿಯಲ್ಲಿ ಹಾಳೆ ಹಾಳೆಯಾಗಿ ಸಿಗುವ, ರಬ್ಬರಿನಂತೆ ಜಗ್ಗಿದರೆ ಜಗ್ಗುವ ಹಳದಿ ವಸ್ತು. ಇವಳದು ಅದಲ್ಲ. ಹಾಲು ಗಟ್ಟಿ ಮಾಡಿ, ನೀರು ಬಸಿದು, ಅಂಗೈಯಗಲದ ಬಿಲ್ಲೆ ಮಾಡಿ, ಉಪ್ಪು ಹಚ್ಚಿ, ಆಮೇಲೆ ಬೇಕೆಂತಲೇ ಮೈತುಂಬ ಬೂಷ್ಟು ಬರಿಸಿ ಹಣ್ಣು ಮಾಡುವ ಚೀಸ್. ಮಾವಿನಕಾಯಿ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದಿಲ್ಲವೇ, ಹಾಗೆ. ಬೂಷ್ಟಿನ ಬೀಜ ಪುಡಿಯಾಗಿ ಪುಟ್ಟ ಪೊಟ್ಟಣದಲ್ಲಿ ಕುರಿಯರಿನವನ ಕೈಯಲ್ಲಿ ಬಂತು.

"ರೊಕ್ಕಾ ಕೊಟ್ಟು ಬೂಷ್ಟು ತರಿಸಿದೇನವಾ?" ಎಂದೆ. "ನನ್ನ ಕೇಳಿದ್ರ ಮಳಿಗಾಲದಾಗ ಪುಕ್ಕಟ ಕೊಡ್ತಿದ್ನೆಲ್ಲ, ನಿಮ್ಮ ಮಾವಾರ ಚಪ್ಪಲಿ ಮ್ಯಾಲಿಂದು."

"ಅದು ಬ್ಯಾರೆ ಬೂಷ್ಟ್ರಿ ಅತ್ತಿ. ಇದು ಒಳ್ಳೇ ಮನಿತನದ್ದು."

ಬೂಷ್ಟಿಗೂ ಮನೆತನ ಇರುತ್ತದೆ ಎಂದು ಅವತ್ತು ತಿಳಿಯಿತು.

ನನಗಿದ್ದ ಅಂಜಿಕೆ ಬೇರೆ. ನಾವು ಲಿಂಗ ಕಟ್ಟಿಕೊಂಡವರು. ಕರುವಿನ ಹೊಟ್ಟೆಯೊಳಗಿನ ಹೆಪ್ಪಿನಿಂದ ಚೀಸಿನ ಹಾಲು ಗಟ್ಟಿ ಮಾಡುತ್ತಾರೆ ಎಂದು ಯಾರೋ ಫೋನಿಗೆ ಕಳಿಸಿದ್ದರು. ಓದಿದಂದು ನನಗೆ ಊಟ ಸೇರಲಿಲ್ಲ. ಸೊಸೆಯನ್ನು ದೇವರ ಕೋಣೆಯ ಮುಂದೆ ನಿಲ್ಲಿಸಿ ಕೇಳಿದೆ. "ಹೆಪ್ಪು ಯಾತರದು?" ಅವಳು ಕೊರಳೊಳಗಿನ ಲಿಂಗ ಮುಟ್ಟಿ, "ಕರುವಿಂದ ಅಲ್ಲರಿ ಅತ್ತಿ. ಸಸ್ಯಾಹಾರದ್ದು ಬ್ಯಾರೆ ಸಿಗತೈತಿ, ಅದನ್ನ ತರಿಸೇನಿ," ಎಂದಳು. ಹಾಲು ಕಾಗಿನೆಲೆ ಕಡೆಯಿಂದ ಬರುವ ಆಕಳ ಹಾಲು. ಹಾಲು ಶುದ್ಧ, ಹೆಪ್ಪು ಶುದ್ಧ. ಇನ್ನು ಉಳಿದದ್ದು ಬೂಷ್ಟು. ಅದು ಗಿಡವೋ ಜೀವವೋ ಎಂದು ಕೇಳಲು ಹೋಗಲಿಲ್ಲ. ದೇವರು ಕೊಟ್ಟ ನೆಮ್ಮದಿಯನ್ನು ಹೆಚ್ಚು ಕೆದಕಬಾರದು.

ಮೊದಲ ಬಿಲ್ಲೆಗಳನ್ನು ಫ್ರಿಜ್ಜಿನಲ್ಲಿಟ್ಟಳು. ಒಣಗಿ, ಬಿರಿದು, ಕೆರೆಯ ತಳದಂತಾದವು. ಮೇಲೆ ನನ್ನ ಬೆಳ್ಳುಳ್ಳಿ ಚಟ್ನಿಯ ವಾಸನೆ ಬೇರೆ. ಆಗ ಅವಳ ಕಣ್ಣಿಗೆ ಬಿದ್ದದ್ದು ನಮ್ಮ ಹಗೇವು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಳಗೆ ಏಣಿ ಹಾಕಿ ಇಳಿಯಬೇಕು. ಈಗ ಜೋಳ ಚೀಲದಲ್ಲಿ ಬರುತ್ತದೆ, ಹಗೇವಿನ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಅದರ ಮೇಲೆ ಟೀವಿ ಸ್ಟ್ಯಾಂಡು ಇಟ್ಟಿದ್ದೆವು. ಸೊಸೆ ಟೀವಿ ಸರಿಸಿ, ಚಪ್ಪಡಿ ಎತ್ತಿಸಿ, ಕೈ ಒಳಗೆ ಬಿಟ್ಟು, "ಅತ್ತಿ, ತಂಪು! ಹಸಿ!" ಎಂದು ಬಂಗಾರ ಸಿಕ್ಕವಳ ಹಾಗೆ ಚೀರಿದಳು. ಒಳಗೆಲ್ಲ ಬಳಿದು, ಹಲಗೆ ಜೋಡಿಸಿ, ಹಾವೇರಿಯ ಗುಜರಿ ಅಂಗಡಿಯಿಂದ ತಂಪು ಮಾಡುವ ಹಳೇ ಮಷೀನು ತಂದು ಇಳಿಬಿಟ್ಟಳು. ಚಳಿಗಾಲವೂ ಕೂಡಿ ಬಂತು. ನನ್ನ ಅತ್ತೆ ಇದ್ದಿದ್ದರೆ ಜೋಳಕ್ಕಿಲ್ಲದ ಉಪಚಾರ ಇದಕ್ಕೇಕೆ ಎಂದು ಕೇಳುತ್ತಿದ್ದರು.

ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವುದು ನಮ್ಮಲ್ಲಿ ಪದ್ಧತಿ. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ, ಆಗ ಮನುಷ್ಯ ಇಳಿಯಬಾರದು. ಸೊಸೆ ಒಳಗೆ ಬಲ್ಬು ಹಾಕಿಸಿ, ಗಾಳಿಗೆ ಫ್ಯಾನು ಹಾಕಿಸಿದ್ದರೂ ನಾನು ದೀಪ ಬಿಡದೆ ಇಳಿದವಳಲ್ಲ. ದೀಪ ಇಳಿಸುವಾಗ ಒಂದು ನಮಸ್ಕಾರವೂ ಆಗುತ್ತದೆ, ಖರ್ಚಿಲ್ಲದ ಪುಣ್ಯ.

ಹಗೇವಿನಲ್ಲಿ ಹಣ್ಣಾದ ಮೊದಲ ಬಿಲ್ಲೆ ಕೊಯ್ದ ದಿನ ನೆನಪಿದೆ. ಹೊರಗೆ ಬಿಳೀ ಮಖಮಲ್ಲು, ಎಳೆಗರುವಿನ ಕಿವಿಯಷ್ಟು ಮೆತ್ತಗೆ. ಮೂಸಿದರೆ ಮೊದಲ ಮಳೆಗೆ ಹೊಲದ ಬದುವಿನಲ್ಲಿ ಏಳುವ ಅಣಬೆಯ ವಾಸನೆ. ಚಾಕು ಹಾಕಿದರೆ ಒಳಗಿನದು ತಾನೇ ನಿಧಾನಕ್ಕೆ ಹೊರಗೆ ಬಂದಿತು, ಮಧ್ಯಾಹ್ನದ ನಿದ್ದೆಯಿಂದ ಎದ್ದವರ ಹಾಗೆ. ನಾನು ಕಣ್ಣು ಮುಚ್ಚಿ ಓಂ ನಮಃ ಶಿವಾಯ ಎಂದು ಬಾಯಿಗಿಟ್ಟುಕೊಂಡೆ. ಮೊದಲು ಉಪ್ಪು, ಆಮೇಲೆ ಬೆಣ್ಣೆ, ಕೊನೆಗೆ ಏನೋ ಒಂದು, ಹೆಸರು ಗೊತ್ತಿಲ್ಲದ್ದು. ಕಣ್ಣು ತೆರೆದಾಗ ಎರಡನೆಯ ತುಂಡು ಆಗಲೇ ನನ್ನ ಕೈಯಲ್ಲಿತ್ತು. ಬಿಸಿ ಜೋಳದ ರೊಟ್ಟಿಯ ಮೇಲಿಟ್ಟರೆ ಕರಗಿ ರೊಟ್ಟಿಯ ಹೊಟ್ಟೆಗೇ ಇಳಿಯುತ್ತದೆ. ಮೇಲೆ ಸ್ವಲ್ಪ ಅಗಸಿ ಚಟ್ನಿಪುಡಿ ಉದುರಿಸಿ ನೋಡಿ. ಬದುಕಿನಲ್ಲಿ ಇಂಥ ಸಣ್ಣ ಕೃಪೆಗಳನ್ನು ಎಣಿಸುತ್ತ ಹೋದರೆ ದೊಡ್ಡವು ಬರದಿದ್ದರೂ ನಡೆಯುತ್ತದೆ.

ನೀಲಿ ಬೂಷ್ಟಿನದೂ ಒಂದು ಮಾಡಿದ್ದಳು. ಅದಕ್ಕೆ ಒಳಗೆ ಗಾಳಿ ಹೋಗಲು ತೂತು ಹಾಕಬೇಕಂತೆ. ಮೆಣಸಿನಕಾಯಿ ಚೀಲ ಹೊಲಿಯುವ ಹೊಸ ದಬ್ಬಣ ತಗೊಂಡು ಚುಚ್ಚಿದಳು. ಅದನ್ನು ಮೊದಲ ಸಲ ತಿಂದಾಗ ಹಳೇ ತಾಮ್ರದ ತಂಬಿಗೆ ನೆಕ್ಕಿದಂತಾಯಿತು. ಎರಡನೇ ಸಲ ನಾಲಿಗೆ ಜುಮ್ಮೆಂದಿತು. ಮೂರನೇ ಸಲ ಬೆಲ್ಲದ ಹಳಕಿನ ಜೊತೆ ತಿಂದೆ. ಆಮೇಲೆ ಯಾರೂ ನನ್ನನ್ನು ಕರೆಯಬೇಕಾಗಲಿಲ್ಲ.

ಆದರೆ ನಮ್ಮನೆಯವರು ಮುಟ್ಟಲಿಲ್ಲ. ಅವರನ್ನು ದೂರಲಾರೆ. ಅವರು ಮೆಣಸಿನಕಾಯಿ ದಲಾಲರು, ಸುಗ್ಗಿಯಲ್ಲಿ ಮಗನೂ ಹಗಲೂ ರಾತ್ರಿ ಅಂಗಡಿಯಲ್ಲೇ ಇರುತ್ತಾನೆ. ಬ್ಯಾಡಗಿಯಲ್ಲಿ ದಲಾಲನಿಗೆ ಬೂಷ್ಟು ಎಂದರೆ ಏನು ಎಂದು ಹೊರಗಿನವರಿಗೆ ತಿಳಿಯದು. ತೇವ ಇದ್ದ ಕಾಯಿ ಚೀಲದಲ್ಲಿ ಕೂತರೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಹೊರಗೆ ಕೆಂಪಗೆ ನಗುತ್ತಿರುತ್ತದೆ, ಮುರಿದರೆ ಒಳಗೆ ಬಿಳೀ ಹೊಗೆ. ನಮ್ಮನೆಯವರು ಮೊಣಕೈವರೆಗೆ ಕೈ ಚೀಲದೊಳಗೆ ಬಿಟ್ಟು, ನಡುವಿನ ಕಾಯಿ ತೆಗೆದು, ಮುರಿದು, ಮೂಗಿಗೆ ಹಿಡಿದು, ಹೌದು ಅಥವಾ ಅಲ್ಲ ಎನ್ನುತ್ತಾರೆ. ಅಂಥವರ ಮನೆಯ ಪಡಸಾಲೆಯ ಕೆಳಗೆ ಸೊಸೆ ಬೂಷ್ಟಿನ ತೋಟ ಹಾಕಿ ಕುಳಿತಳು.

"ಊರಾಗಿನ ಮಂದಿ ಬೂಷ್ಟು ತಗದು ಒಗದು ಮಾಲು ಮಾರ್ತಾರ," ಎಂದರು ಅವರು ಊಟಕ್ಕೆ ಕುಳಿತಾಗ. "ನನ್ನ ಸೊಸಿ ಬೂಷ್ಟು ಬರಿಸಿ ಮಾಲು ಮಾರ್ತಾಳ. ಪ್ಯಾಟ್ಯಾಗ ಯಾರಿಗರ ಗೊತ್ತಾತಂದ್ರ ನನ್ನ ಅಂಗಡಿ ಮುಂದ ರೈತರು ಚೀಲ ಇಳಸ್ತಾರೇನು?"

"ಮಾವಾರ, ಇದಕ್ಕೂ ಮೆಣಸಿನಕಾಯಿಗೂ ಸಂಬಂಧ ಇಲ್ರಿ."

"ಮಂದಿ ಬಾಯಿಗೆ ಸಂಬಂಧ ಬೇಕೇನವಾ ತಂಗಿ?"

ಅವರಿಗೆ ಮೊದಲಿನಿಂದಲೂ ಹಗೇವು ಮುಚ್ಚಿಸಿ, ಮೇಲೆ ಗಟ್ಟಿ ಫರಸಿ ಕಲ್ಲು ಹಾಕಿಸಿ, ಪಡಸಾಲೆಯಲ್ಲಿ ಚೀಲ ಇಳಿಸುವಂತೆ ಮಾಡಬೇಕೆಂದು ಆಸೆ. ಕೊನೆಗೆ ಮಾತು ಹೀಗೆ ನಿಂತಿತು. ಗೋವಾದ ಹೋಟೆಲ್ಲುಗಳಿಗೆ ಚೀಸ್ ಕೊಳ್ಳುವ ಬೆಳಗಾವಿಯ ಮರಾಠಿ ಹೆಣ್ಣುಮಗಳೊಬ್ಬರು, ನಾವೆಲ್ಲ ಬಾಯಿ ಎಂದು ಕರೆಯುವವರು, ಮಾಲು ನೋಡಲು ಬರುತ್ತೇನೆ ಎಂದಿದ್ದರು. ಅವರು ತಗೋತೀನಿ ಅಂದರೆ ಹಗೇವು ಸೊಸೆಯದು. ಒಲ್ಲೆ ಅಂದರೆ ಮರುದಿನವೇ ಗರಸು ಮಣ್ಣು ತುಂಬಿ ಹಗೇವು ಮುಚ್ಚುವುದು. ಸೊಸೆ ಒಪ್ಪಿದಳು. ಒಪ್ಪಿ ಒಳಗೆ ಬಂದು ನನ್ನ ಹೆಗಲ ಮೇಲೆ ತಲೆ ಇಟ್ಟು, "ಅತ್ತಿ, ಇದು ಹೋದ್ರ ನನಗ ಬ್ಯಾರೆ ಜಾಗಾ ಇಲ್ರಿ," ಎಂದಳು. ಊಟಿಯ ಕೆಲಸ ಬಿಟ್ಟು ನಮ್ಮ ಮನೆಗೆ ಬಂದ ಹುಡುಗಿ. ಕೈಯಲ್ಲಿದ್ದ ವಿದ್ಯೆ ಒಂದೇ ಅವಳು ತಂದ ಬಳುವಳಿ.

ಬೆಳಗಾವಿ ಬಾಯಿ ನೋಡಬೇಕಾದ ಆ ಬಿಲ್ಲೆಗಳಿಗೇ ಈಗ ಬೂಷ್ಟು ಬಂದದ್ದು. ಅದಕ್ಕೇ ಆ ಕೂಗು.

ನಾನು ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. "ಅತ್ತಿ, ನಾನ ಒಳಗ ಜೀವಂತ ನಿಂತೇನ್ರಿ, ದೀಪ ಯಾಕ?" ಎಂದಿತು ಕೆಳಗಿನ ದನಿ. ಪದ್ಧತಿ ಪದ್ಧತಿಯೇ. ಏಣಿ ಹಿಡಿದು ಇಳಿದೆ. ಎದುರು ಮನೆಯಾಕೆ ಮೇಲೆ ಹಗೇವಿನ ಬಾಯಿಯ ಅಂಚಿಗೆ ಮೊಣಕಾಲೂರಿ ಬಗ್ಗಿದಳು.

ತವರಿನಿಂದ ಆಗಷ್ಟೇ ತಿರುಗಿ ಬಂದಿದ್ದ ಸೊಸೆ ಹಲಗೆಯ ಒಂದು ಮೂಲೆ ನೋಡಿ ಕೂಗಿದ್ದಳಷ್ಟೇ. ನಾನು ದೀಪ ಬಿಚ್ಚಿಕೊಂಡು ಹಲಗೆಯುದ್ದಕ್ಕೂ ಹಿಡಿದೆ. ಒಂದೊಂದು ಬಿಲ್ಲೆಯ ಮೇಲೂ ಅಡ್ಡಕ್ಕೆ ಮೂರು ಗೆರೆ. ಉಳಿದ ಮೈಮೇಲೆ ಬೂಷ್ಟು ಈಗಿನ್ನೂ ಮೀಸೆ ಚಿಗುರುವ ಹುಡುಗನ ತುಟಿಯಂತೆ ತೆಳ್ಳಗಿದ್ದರೆ, ಆ ಮೂರು ಗೆರೆಗಳ ಮೇಲೆ ದಟ್ಟವಾಗಿ, ಬೆಳ್ಳಗೆ, ಉಬ್ಬಿ ನಿಂತಿತ್ತು. ಸಾಲಾಗಿ ಮಠದ ಪಂಕ್ತಿಗೆ ಕೂತ ಜಂಗಮರ ಹಾಗೆ ಕಾಣುತ್ತಿದ್ದವು. ಮುಂದಿನ ಸಾಲಿನವಕ್ಕೆ ನಟ್ಟನಡುವೆ ಒಂದು ಹಳದಿ ಬೊಟ್ಟು. ಅದರ ಸುತ್ತ ಮಾತ್ರ ಬೂಷ್ಟೇ ಇಲ್ಲ, ಬೋಳು.

"ಅತ್ತಿ," ಎಂದಳು ಸೊಸೆ ನಿಧಾನಕ್ಕೆ, "ಇದನ್ನ ಯಾರು ಮಾಡ್ಯಾರ?"

"ಯಾರು ಮಾಡ್ತಾರವಾ, ನಾನ ವಿಭೂತಿ ಹಚ್ಚೇನಿ."

ಅವಳು ತಾಯಿಯ ಕಣ್ಣಿನ ಆಪರೇಷನ್ನಿಗೆ ಎಂದು ರಾಣೆಬೆನ್ನೂರಿಗೆ ಹೋದಾಗ ಬಿಲ್ಲೆಗಳನ್ನು ದಿನಾ ಹೊರಳಿಸಿ ಇಡುವ ಕೆಲಸ ನನಗೆ ಒಪ್ಪಿಸಿದ್ದಳು. ಮೊದಲ ಸಲ ಹೊರಳಿಸಲು ಇಳಿದದ್ದು ಸೋಮವಾರ. ಆಗಷ್ಟೇ ಪೂಜೆ ಮುಗಿಸಿದ್ದೆ. ನಮ್ಮ ಮನೆಗೆ ಬಂದ ಯಾವ ಹೊಸ ವಸ್ತುವೂ ವಿಭೂತಿ ಇಲ್ಲದೆ ಕೆಲಸ ಶುರು ಮಾಡಿದ್ದಿಲ್ಲ. ಮಿಕ್ಸರ್, ಸ್ಕೂಟರು, ಮಗನ ತೂಕದ ಯಂತ್ರ, ಎಲ್ಲವೂ ಹಚ್ಚಿಸಿಕೊಂಡಿವೆ. ಇಷ್ಟು ಮುಖ್ಯವಾದ ಮಾಲು ಹಣೆ ಬರಿದು ಇಟ್ಟುಕೊಂಡು ಬೆಳಗಾವಿ ಬಾಯಿಯ ಮುಂದೆ ನಿಲ್ಲಬೇಕೇ? ನೀರಲ್ಲಿ ವಿಭೂತಿ ಕಲಸಿ ಎಲ್ಲಕ್ಕೂ ಮೂರು ಬೆರಳು ಎಳೆದೆ. ಮುಂದಿನ ಸಾಲಿಗೆ ಅರಿಷಿಣ ಬೊಟ್ಟೂ ಇಟ್ಟೆ, ಲಕ್ಷ್ಮಿಯ ಹೆಸರಿನಲ್ಲಿ. ಕುಂಕುಮ ಮೇಲೆ ಮರೆತು ಬಂದಿದ್ದೆ, ಅದೂ ಒಂದು ಕೃಪೆ ಎಂದು ಈಗ ಅನ್ನಿಸುತ್ತದೆ.

ಸೊಸೆ ಏಣಿಯ ಕೆಳಮೆಟ್ಟಿಲಿನ ಮೇಲೆ ಕುಳಿತು ತಲೆ ಹಿಡಿದುಕೊಂಡಳು.

"ಅತ್ತಿ, ಕೈಗವಸು ಹಾಕ್ಕೊಂಡು ಮುಟ್ರಿ ಅಂದಿದ್ನೆಲ್ರಿ."

"ಹಾಕ್ಕೊಂಡಽ ಹಚ್ಚೇನವಾ."

ಅವಳು ಅಳುತ್ತಾಳೋ ನಗುತ್ತಾಳೋ ತಿಳಿಯದೆ ನಾನು ದೀಪದ ಬತ್ತಿ ಸರಿ ಮಾಡುತ್ತ ನಿಂತೆ. ಅಷ್ಟರಲ್ಲಿ ಮೇಲಿನಿಂದ "ಹರ ಹರ ಮಹಾದೇವ!" ಎಂಬ ದನಿ ಬಂತು. ಎದುರು ಮನೆಯಾಕೆ ಮೂರು ಗೆರೆ ಕಂಡಿದ್ದಳು, ಯಾರು ಎಳೆದದ್ದು ಎಂಬುದನ್ನು ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ನಾನು ಏಣಿ ಹತ್ತಿ ಮೇಲೆ ಬರುವಷ್ಟರಲ್ಲಿ ತಂಬಿಗೆ ಇತ್ತು, ಅವಳು ಇರಲಿಲ್ಲ.

ಸಂಜೆಗೆ ಓಣಿಯ ಹೆಣ್ಣುಮಕ್ಕಳು ಕಾಯಿ, ಊದುಬತ್ತಿ ಹಿಡಿದು ಬಂದರು. "ಹಗೇವಿನಾಗ ಶಿವ ಮೂಡ್ಯಾನಂತಲ್ರಿ," ಎಂದರು. ನಾನು ಬೆರಳು ತೋರಿಸಿ, "ಈ ಮೂರು ಬೆರಳಿಲೆ ಮೂಡ್ಯಾನ್ರವಾ," ಎಂದೆ. ಒಬ್ಬಾಕೆ, "ನೀವು ಹಚ್ಚಿದ್ದು ಖರೇ ಇರಬಹುದು ಅಕ್ಕಾರ, ಬೆಳ್ಳಗ ಬೆಳೆಸಿದಾಂವ ಯಾರು?" ಎಂದು ಕೇಳಿದಳು. ಊದುಬತ್ತಿ ಹೊಗೆ ಚೀಸಿಗೆ ತಾಕುತ್ತದೆ ಎಂದು ಸೊಸೆ ಚಪ್ಪಡಿ ಎಳೆದು ಅದರ ಮೇಲೆ ತಾನೇ ಕುಳಿತಳು. ಬಂದವರು ಅವಳ ಸುತ್ತಲೇ ಆರತಿ ಎತ್ತಿ, ಕಾಯಿ ಒಡೆದು ಹೋದರು.

ನಮ್ಮನೆಯವರು ಪೇಟೆಯಿಂದ ಎರಡು ಸುದ್ದಿ ಹೊತ್ತುಕೊಂಡು ಬಂದರು. ಪಡಸಾಲೆಯಲ್ಲಿ ಬಿದ್ದ ಕಾಯಿಚಿಪ್ಪು ನೋಡುತ್ತ ನಿಂತರು.

"ಒಬ್ಬಾಂವ, 'ದಲಾಲರ, ನಿಮ್ಮನ್ಯಾಗ ಬೂಷ್ಟು ಬಂದೈತಂತ?' ಅಂತ ಕೇಳಿದ. ನಾ ಜವಾಬು ಕೊಡೂದ್ರಾಗ ಇನ್ನೊಬ್ಬಾಂವ, 'ಬೂಷ್ಟಲ್ಲೋ, ದೇವರು ಬಂದೈತಿ,' ಅಂದ. ಯಾವುದಕ್ಕ ಉತ್ತರ ಕೊಡ್ಲಿ ನಾನು?"

"ದೇವರಿಗೆ ಕೊಡ್ರಿ," ಎಂದೆ.

ಅವರಿಗೆ ನಗು ಬರಲಿಲ್ಲ. ಮರುದಿನ ಬೆಳಗ್ಗೆ ನಾನು ರಂಗೋಲಿ ಹಾಕಲು ಹೊರಬಂದರೆ ಅವರು ಹೇಳಿ ತರಿಸಿದ ಟ್ರ್ಯಾಕ್ಟರೊಂದು ಮನೆ ಮುಂದೆ ಗರಸು ಸುರಿಯುತ್ತಿತ್ತು. ರಂಗೋಲಿ ಹಾಕುವ ಜಾಗವೇ ಗರಸಿನ ಕೆಳಗೆ ಹೋಯಿತು. ಸೊಸೆ ಬಾಗಿಲಲ್ಲಿ ನಿಂತು ಆ ಗುಡ್ಡೆಯನ್ನು ನೋಡಿದಳು. ಒಳಗೆ ಹೋಗಿ ಬಿಲ್ಲೆ ಹೊರಳಿಸಿದಳು. ಉಳಿದ ಮೈಗೂ ಬೂಷ್ಟು ಬೇಗ ತುಂಬಲೆಂದು ನಾನು ದಿನಾ ಬೇಡಿಕೊಂಡೆ. ಬೂಷ್ಟು ಬರಲಿ ಎಂದು ದೇವರನ್ನು ಕೇಳಿದ ಹೆಂಗಸು ಬ್ಯಾಡಗಿಯಲ್ಲಿ ನಾನೊಬ್ಬಳೇ ಇರಬೇಕು. ತುಂಬಿತು, ಮುಕ್ಕಾಲು. ಗೆರೆಗಳು ಮಾತ್ರ ಎದ್ದು ಕಾಣುವುದು ಬಿಡಲಿಲ್ಲ.

ಬೆಳಗಾವಿ ಬಾಯಿ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಊರೊಳಗೆ ಬರುವಷ್ಟರಲ್ಲಿ ಸೀನಿ ಸೀನಿ ಮೂಗು ಕೆಂಪಾಗಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮೂರಿಗೆ ಬಂದವರ ಮೊದಲ ಮಾತು ಸೀನು. ದಪ್ಪ ಮೈಯ, ನಗುಮುಖದ, ನನ್ನಷ್ಟೇ ವಯಸ್ಸಿನವರು. ಕೈಕಾಲಿಗೆ ನೀರು ಕೊಟ್ಟೆ, ಚಹಾ ಕೊಟ್ಟೆ.

"ವೈನಿ, ಮನಿ ಮುಂದ ಗರಸು ಯಾಕ? ಏನರ ಕಟ್ಟಸಾಕತ್ತೀರೇನು?" ಎಂದು ಕೇಳಿದರು.

"ಅದು ನಿಮ್ಮ ಮ್ಯಾಲೆ ಐತ್ರಿ ಬಾಯಾರ," ಎಂದುಬಿಟ್ಟೆ. ಸೊಸೆ ನನ್ನ ಸೆರಗು ಜಗ್ಗಿದಳು.

ಅವರು ಸೀರೆ ಎತ್ತಿಕಟ್ಟಿ, ಏಣಿಗೆ ಬಯ್ಯುತ್ತ ಹಗೇವಿಗೆ ಇಳಿದರು. ಬಿಲ್ಲೆಗಳನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಅಗ ಬಾಯಿ! ಇವು ಎಲ್ಲಾ ವಿಭೂತಿ ಹಚ್ಕೊಂಡಾವಲ್ಲ!"

ಸೊಸೆ ಬಾಯಿ ತೆರೆಯುವ ಮೊದಲೇ ನಾನು ಮೇಲಿನಿಂದ ಕೂಗಿದೆ. "ತಪ್ಪು ಅವಳದಲ್ರಿ. ನಾನ ಹಚ್ಚೇನಿ."

ಅವರು ಹಗೇವು ತುಂಬುವಂತೆ ನಕ್ಕರು. ನಕ್ಕು, ಒಂದನ್ನು ಕೊಯ್ದು, ಮೂಸಿ, ತಿಂದು, ಮತ್ತೆ ಏಣಿ ಹತ್ತಿದರು. ಮೇಲೆ ಪಡಸಾಲೆಗೆ ಬಂದು ಕುಳಿತ ಮೇಲೆ ಬಾಯಿ ಮಾತಾಡಿದರು. ಪರದೇಶದಲ್ಲಿ ಕೆಲವರು ಚೀಸಿಗೆ ಬೂದಿ ಹಚ್ಚುವುದು ಉಂಟಂತೆ. ಬೂದಿ ಚೀಸಿನ ಮೈಮೇಲಿನ ಹುಳಿ ಮುರಿಯುತ್ತದೆ, ಬೂಷ್ಟಿಗೆ ಅದು ಹಿತ, ಬೇಗ ಬೆಳೆಯುತ್ತದೆ. ಸೊಸೆ, "ಕಲತಿದ್ದೆ ನಾನೂ, ಅಂಜಿಕ್ಯಾಗ ಮರತಽ ಹೋಗಿತ್ತು," ಎಂದು ಹಣೆ ಬಡಿದುಕೊಂಡಳು.

"ಆದ್ರ ಈ ಅರಿಷಿಣದ್ದು ನನಗ ಬ್ಯಾಡ," ಎಂದರು ಬಾಯಿ. "ಅರಿಷಿಣ ಬೂಷ್ಟನ್ನ ಬರಗೊಡೂದಿಲ್ಲ, ನಡುವ ಬೋಳಾಗ್ಯಾವು. ಚೀಸಿಗೆ ಅರಿಷಿಣ ಹಚ್ಚೂದಂದ್ರ ಮದಲಿಂಗನ್ನ ಕರದು ಬಾಗ್ಲಾ ಹಾಕ್ಕೊಂಡಂಗ, ವೈನಿ. ಉಳದಿದ್ದು ನಡುವ ಇನ್ನೂ ಸ್ವಲ್ಪ ಗಟ್ಟಿ ಅದ, ಹಣ್ಣಾಗಬೇಕು. ಆಗ್ಲಿ, ಆ ಮೂರು ಗೆರಿ ಇದ್ದಂಗಽ ತಗೋತೀನಿ. ಗೋವಾದಾಗ ಇಂಥಾವು ಯಾರ ಹಂತ್ಯಾಕೂ ಇಲ್ಲ."

ಸೊಸೆ ನನ್ನ ಕೈ ಹಿಡಿದಳು. ಸಂತೋಷದಲ್ಲೇ ನಾನು ಒಂದು ಮಾತು ಕೇಳಿದೆ. ಕೇಳಬಾರದಿತ್ತು.

"ಗೋವಾದ ಮಂದಿ ಇದನ್ನ ಯಾತರ ಜೋಡಿ ತಿಂತಾರ್ರಿ? ಅಲ್ಲಿ ರೊಟ್ಟಿ ಸಿಗೂದಿಲ್ಲಲ್ಲ."

"ವೈನ್ ಜೋಡಿ," ಎಂದರು ಬಾಯಿ, ಚಹಾದ ಜೋಡಿ ಎಂದಷ್ಟು ಹಗುರವಾಗಿ.

ಸೋಮವಾರ, ಪೂಜೆ ಮುಗಿಸಿದ ಕೈ, ಲಿಂಗಕ್ಕೆ ಹಚ್ಚಿ ಉಳಿದ ವಿಭೂತಿ. ಅದು ಹೋಗಿ ಕುಡಿಯುವವರ ಗ್ಲಾಸಿನ ಪಕ್ಕ ಕೂರುವುದೇ? "ಹಂಗಾದ್ರ ಕೊಡೂದು ಹೆಂಗ್ರಿ," ಎಂದೆ. ಆಗಷ್ಟೇ ಊಟಕ್ಕೆಂದು ಬಂದು ಬಾಗಿಲಲ್ಲಿ ನಿಂತಿದ್ದ ನಮ್ಮನೆಯವರು ನನ್ನನ್ನೂ ಗರಸನ್ನೂ ನೋಡಿದರು. ಸೊಸೆ ನನ್ನ ಕೈ ಬಿಡಲಿಲ್ಲ, ಆದರೆ ಬಿಗಿಯಾಗಿಯೂ ಹಿಡಿಯಲಿಲ್ಲ. "ಅತ್ತಿ ಬ್ಯಾಡ ಅಂದ್ರ ಬ್ಯಾಡ್ರಿ," ಎಂದಳು ಬಾಯಿಗೆ.

"ಒಂದು ಚೂರು ತಡೀರಿ," ಎಂದು ದೇವರ ಕೋಣೆಗೆ ಹೋಗಿ ಕದ ಎಳೆದುಕೊಂಡು ಕುಳಿತೆ.

ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಏನು ಮಾಡಲಿ ಎಂದು ಕೇಳಿದೆ. ಶಿವ ಎಂದೂ ನನಗೆ ಬಾಯಿಬಿಟ್ಟು ಉತ್ತರ ಕೊಟ್ಟವನಲ್ಲ, ಅವನಿಗೆ ನನ್ನ ಬುದ್ಧಿಯ ಮೇಲೆ ಬಹಳ ಭರವಸೆ. ಸುಮ್ಮನೆ ಕುಳಿತಾಗ ಹೋದ ತಿಂಗಳು ಹಾವೇರಿಯಿಂದ ಬಸ್ಸಿನಲ್ಲಿ ಬಂದದ್ದು ನೆನಪಾಯಿತು. ಸೀಟು ಸಿಕ್ಕದ್ದೇ ಪುಣ್ಯ ಎಂದು ಕುಳಿತೆ, ಹಿಂದೆಯೇ ಒಬ್ಬ ಗುಟುಕು ಏರಿಸಿದವನು ಬಂದು ಪಕ್ಕದಲ್ಲಿ ಬಿದ್ದ. ಬ್ಯಾಡಗಿವರೆಗೂ ನನ್ನ ಹೆಗಲ ಕಡೆಗೇ ತೂಗುತ್ತ, "ನೀ ನಮ್ಮವ್ವ ಇದ್ದಂಗ," ಎನ್ನುತ್ತ ಬಂದ. ನನ್ನ ಹಣೆಯ ಮೇಲೆ ಆಗ ಇದೇ ವಿಭೂತಿ ಇತ್ತು. ಅದು ಕೆಟ್ಟಿತೇ? ಇಲ್ಲ. ನಾನು ಮನೆಗೆ ಬಂದು ಅದೇ ಹಣೆಯಲ್ಲೇ ದೀಪ ಹಚ್ಚಿದೆ. ಕುಡಿದವನ ಪಕ್ಕ ಬಸ್ಸಿನಲ್ಲಿ ಕೂತು ಬಂದ ವಿಭೂತಿ ಗೋವಾದಲ್ಲಿ ತಟ್ಟೆಯಲ್ಲಿ ಕೂರಲಾರದೇ? ಮೇಲಾಗಿ ಕುಡಿಯುವವನ ಪಾಲಿಗೆ ಅಷ್ಟಾದರೂ ಒಳ್ಳೆಯದು ಹೊಟ್ಟೆಗೆ ಹೋಗುತ್ತದೆ. ಇದು ನನ್ನ ತರ್ಕವೋ ಶಿವನ ಕೃಪೆಯೋ ಗೊತ್ತಿಲ್ಲ. ನಮಸ್ಕಾರ ಹಾಕಿ ಎದ್ದೆ.

"ಒಯ್ರಿ," ಎಂದೆ ಹೊರಗೆ ಬಂದು. "ಆದ್ರ ಮುಂದ ಒಲಿ ಬೂದಿ ಹಚ್ಚಿ ಕೊಡ್ತೀವಿ. ವಿಭೂತಿ ಮಾರೂದಿಲ್ಲ. ಇವು ಅಷ್ಟಽ, ಪ್ರಸಾದ ಅಂತ ತಿಳೀರಿ."

"ಒಲಿ ಬೂದಿನ ಇರ್ಲಿ ವೈನಿ," ಎಂದರು ಬಾಯಿ. "ಗೆರಿ ಮಾತ್ರ ನಿಮ್ಮ ಬೆರಳಿಲೆನ ಎಳೀರಿ. ನೆಟ್ಟಗ ಬಂದಾವು."

ಸೊಸೆ ಅಳು ಬಂದದ್ದನ್ನು ಮರೆಮಾಚಲು ಅಡಿಗೆಮನೆಗೆ ಓಡಿ ರೊಟ್ಟಿ ತಟ್ಟಲು ನಿಂತಳು. ಊಟಕ್ಕೆ, ಬಾಯಿ ಬೇಡವೆಂದ ಆ ಅರಿಷಿಣದ ಬಿಲ್ಲೆಗಳನ್ನೇ, ಬೋಳಾದ ಜಾಗ ಕೆತ್ತಿ ತೆಗೆದು ಬಡಿಸಿದೆವು. ನಮ್ಮನೆಯವರ ತಾಟಿಗೆ ನಾನು ಹಾಕಲಿಲ್ಲ. ಅವರಿಗೆ ಅದು ಸೇರುವುದಿಲ್ಲವಲ್ಲ. ಅವರು ಒಂದು ತುತ್ತು ರೊಟ್ಟಿ ಪಲ್ಯ ತಿಂದರು, ಬಾಯಿಯ ತಾಟು ನೋಡಿದರು, ಕೊನೆಗೆ ಕೈ ಚಾಚಿ ಒಂದು ತುಂಡು ಎತ್ತಿದರು. ಮೆಣಸಿನಕಾಯಿ ಮುರಿದಂತೆಯೇ ಎರಡು ಬೆರಳಲ್ಲಿ ಮುರಿದು ಮೂಗಿಗೆ ಹಿಡಿದರು. ಬೆಳಗಾವಿ ಬಾಯಿಯೂ ಉಣ್ಣುವುದು ಬಿಟ್ಟು ನೋಡಿದರು.

"ಹೂಂ," ಎಂದರು. ತಿಂದರು. ಹಸಿ ಕೆಂಪು ಮೆಣಸಿನಕಾಯಿ ಅರೆದ ಕೆಂಪಿಂಡಿ ಹಚ್ಚಿ ಇನ್ನೊಂದು ತಿಂದರು.

"ಹೆಂಗೈತ್ರಿ ಮಾವಾರ?" ಎಂದಳು ಸೊಸೆ ಬಾಗಿಲ ಹಿಂದಿನಿಂದ.

"ತೇವ ಜಾಸ್ತಿ ಐತಿ," ಎಂದರು. "ಆದ್ರ ಮಾಲು ಚಲೋ ಐತಿ. ಇನ್ನೊಂದಿಷ್ಟು ಹಾಕವಾ ತಂಗಿ."

ಊಟ ಮುಗಿಸಿ ಫೋನು ಹಚ್ಚಿ ಟ್ರ್ಯಾಕ್ಟರಿನವನಿಗೆ, "ಗರಸು ವಾಪಸ್ ಒಯ್ಯೋ. ಏನಂದಿ? ಒಯ್ಯೂದಿಲ್ಲಾ? ಹಂಗಾದ್ರ ಓಣ್ಯಾಗಿನ ತೆಗ್ಗಿಗೆ ಹಾಕು, ಮುನಸಿಪಾಲ್ಟ್ಯಾವರು ಮಾಡೂದನ್ನ ನಾನ ಮಾಡ್ತೀನಿ," ಎಂದರು. ಪೇಟೆಗೆ ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, ಬೂಷ್ಟಿನ ಸುದ್ದಿ ಯಾರಾದರೂ ಕೇಳಿದರೆ ದೇವರು ಎಂದೇ ಹೇಳುತ್ತೇನೆ, ಅದಕ್ಕೆ ಮಂದಿ ಎದುರು ಮಾತಾಡುವುದಿಲ್ಲ ಎಂದರು.

ಬೆಳಗಾವಿ ಬಾಯಿಗೆ ಉಡಿ ತುಂಬಿ, ಕಾರಿನವರೆಗೆ ಕಳಿಸಿ ಬಂದೆ. ಸೊಸೆ ಆಗಲೇ ಹಗೇವಿಗೆ ಇಳಿದಿದ್ದಳು. ಕೆಳಗಿನಿಂದ ಅವಳು ಏನೋ ಹಾಡಿಕೊಳ್ಳುವ ದನಿ ಬರುತ್ತಿತ್ತು, ರಾಗ ಸರಿಯಿರಲಿಲ್ಲ, ಇರಲಿ. ಹೊತ್ತು ಇಳಿಯುತ್ತಿತ್ತು. ಮಧ್ಯಾಹ್ನ ರೊಟ್ಟಿ ಬುಟ್ಟಿ ಬರಿದಾಗಿತ್ತು, ಹಿಟ್ಟಿನ ಡಬ್ಬಿಯೂ ತಳ ಕಂಡಿತ್ತು. ಗಿರಣಿಯಿಂದ ತಂದಿಟ್ಟ ಜೋಳದ ಹಿಟ್ಟಿನ ಚೀಲ ಬಿಚ್ಚಿ, ಸಾಣಿಗೆ ತಗೊಂಡು, ಸಂಜೆಯ ರೊಟ್ಟಿಗೆ ಹಿಟ್ಟು ಸಾಣಿಸುತ್ತ ಕುಳಿತೆ.